ಸೂರ್ಯನ ಲೆಕ್ಕ, ನೀರಿನ ಲೆಕ್ಕ

ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತ ಹೊರಟುಹೋಗುತ್ತದೆ ಎಂಬ ಮಾತು ಕನ್ನಡ ನಾಡಿನ ಉದ್ದಕ್ಕೂ ಇದೆ. ಯಾದಗಿರಿ ಜಿಲ್ಲೆಯಲ್ಲಿ ಆ ಮಾತು ಹಗಲಿಗೆ ಸರಿ, ನಸುಕಿಗೆ ಅಲ್ಲ. ಮಾಘ ಮುಗಿದು ಫಾಲ್ಗುಣ ಹಿಡಿದ ಮೇಲೂ ಸುರಪುರದ ಗುಡ್ಡಗಳ ಬುಡದಲ್ಲಿ ಬೆಳಗಿನ ಐದೂವರೆಗೆ ನಡೆಯಲು ಹೊರಟರೆ ಕಿವಿಗೆ ಮಫ್ಲರ್ ಬೇಕಾಗುತ್ತದೆ. ಅದೇ ದಾರಿಯಲ್ಲಿ ಮಧ್ಯಾಹ್ನ ಎರಡಕ್ಕೆ ಮರಳುವವರು ತಲೆಗೆ ಟವೆಲ್ ಸುತ್ತಿಕೊಳ್ಳದೆ ನಡೆಯಲಾರರು. ಒಂದೇ ದಿನದೊಳಗೆ ಉಷ್ಣತೆ ಹದಿನೈದು ಡಿಗ್ರಿಯಷ್ಟು ಏರಿ ಇಳಿಯುವ ದಿನಗಳು ಇವು. ಕಾರಣ ಬಿಸಿಲಲ್ಲ, ಗಾಳಿಯ ಒಣತನ. ನೀರಾವಿ ತುಂಬಿದ ಗಾಳಿ ನೆಲದ ಶಾಖವನ್ನು ರಾತ್ರಿಯಿಡೀ ತಡೆದು ಹಿಡಿಯುತ್ತದೆ. ಒಣ ಗಾಳಿಗೆ ಆ ಶಕ್ತಿ ಇಲ್ಲ. ಹಗಲೆಲ್ಲ ಕಾದ ನೆಲ ಸಂಜೆಯಾಗುತ್ತಲೇ ತನ್ನ ಶಾಖವನ್ನು ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗಿಬಿಡುತ್ತದೆ. ಮಂಗಳೂರಿನಲ್ಲಿ ಫೆಬ್ರವರಿಯ ರಾತ್ರಿ ಬೆವರುತ್ತದೆ, ಶಹಾಪುರದಲ್ಲಿ ನಡುಗುತ್ತದೆ.

ಪಂಚಾಂಗದ ಪ್ರಕಾರ ಇದಿನ್ನೂ ಶಿಶಿರ. ವಸಂತಕ್ಕೆ ಯುಗಾದಿಯವರೆಗೆ ಕಾಯಬೇಕು. ಆದರೆ ಹೊಲದ ನಡುವೆ ನಡೆಯುವವರಿಗೆ ಋತು ಬದಲಾಗುತ್ತಿರುವುದು ಶಿವರಾತ್ರಿಗೆ ಮೊದಲೇ ಕಾಣುತ್ತದೆ. ಹಿಂಗಾರಿ ಜೋಳ ಕಿತ್ತಾಗಿದೆ. ತೆನೆ ಮುರಿದು ಕಣಕ್ಕೆ ಹೋಗಿದೆ, ಕಣಿಕೆ ಬಣವೆಗೆ ಏರಿದೆ. ತೊಗರಿ ಕೊಯ್ದು ತಿಂಗಳ ಮೇಲಾಯಿತು. ಯರಿ ಹೊಲ ಬಾಯಿ ಬಿಡಲು ಶುರುಮಾಡಿದೆ. ಈ ಕಪ್ಪು ಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಕುಗ್ಗಿದಲ್ಲೆಲ್ಲ ಕೈ ಮೊಣಕೈವರೆಗೆ ಇಳಿಯುವಷ್ಟು ಆಳದ ಬಿರುಕು. ಹಿಂಗಾರಿ ಬೆಳೆ ಬಂದದ್ದೇ ಈ ಮಣ್ಣು ಮಳೆಗಾಲದಲ್ಲಿ ಕೂಡಿಟ್ಟುಕೊಂಡ ತೇವದಿಂದ. ಆ ಗಂಟು ಈಗ ಕರಗಿದೆ. ಅತ್ತ ಗುಡ್ಡದ ಬುಡದ ಕೆಂಪು ಮಸಾರಿ ನೆಲ ಇನ್ನೂ ಮೊದಲೇ ಒಣಗಿ ಕಲ್ಲಾಗಿದೆ.

ಇಂಗ್ಲೆಂಡಿನ ವಸಂತ ತಣ್ಣನೆಯ ನೆಲ ಬೆಚ್ಚಗಾಗುವುದರಿಂದ ಹುಟ್ಟುತ್ತದೆ. ಕೃಷ್ಣಾ, ಭೀಮಾ ನದಿಗಳ ನಡುವಿನ ಈ ನೆಲದಲ್ಲಿ ವಸಂತ ಬರುವುದು ನೆಲ ಒಣಗುವುದರಿಂದ. ಇಲ್ಲಿ ಮರ ಹೂ ಬಿಡುವುದು, ಹಕ್ಕಿ ಕೂಡುವುದು, ಹೊರಡುವುದು, ಗಾಳಿ ತಿರುಗುವುದು ಎಲ್ಲವನ್ನೂ ಅರ್ಥ ಮಾಡಿಕೊಳ್ಳಲು ಎರಡು ಲೆಕ್ಕ ಗೊತ್ತಿರಬೇಕು. ಒಂದು ಸೂರ್ಯನದು, ಅದು ವರ್ಷದಿಂದ ವರ್ಷಕ್ಕೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಇನ್ನೊಂದು ನೀರಿನದು, ಅದು ಯಾವ ವರ್ಷವೂ ಹಿಂದಿನ ವರ್ಷದಂತೆ ಇರುವುದಿಲ್ಲ.

ಎರಡೂ ಒಟ್ಟಿಗೆ ಕಾಣುವ ಜಾಗ ಬೋನಾಳ ಕೆರೆ. ಸುರಪುರದ ನಾಯಕ ಅರಸರು 17ನೆಯ ಶತಮಾನದಲ್ಲಿ ಕಟ್ಟಿಸಿದ ಕೆರೆ ಇದು. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಇದನ್ನು ಸುಧಾರಿಸಿದ. ಇಂದು ಇದು ಪಕ್ಷಿಧಾಮ. ಸೂರ್ಯ ಹುಟ್ಟುವ ಮೊದಲು ಏರಿಯ ಮೇಲೆ ನಿಂತವರ ಕಣ್ಣಿಗೆ ಮೊದಲು ಬೀಳುವುದು ಹಕ್ಕಿಯಲ್ಲ, ಹೊಗೆ. ಸುತ್ತಲ ಊರುಗಳ ನೀರೊಲೆಯ ಹೊಗೆ ಮನೆ ಮಾಳಿಗೆಗಳಿಂದ ಸ್ವಲ್ಪ ಮೇಲೆ ಏರಿ, ಅಲ್ಲಿಂದ ಮುಂದೆ ಹೋಗಲಾರದೆ ಅಡ್ಡಡ್ಡ ಹಬ್ಬಿರುತ್ತದೆ. ಸಾಮಾನ್ಯವಾಗಿ ಮೇಲೆ ಹೋದಂತೆ ಗಾಳಿ ತಣ್ಣಗಾಗಬೇಕು. ಆದರೆ ಒಣ ರಾತ್ರಿಯಲ್ಲಿ ನೆಲ ಬೇಗ ತಣಿದು ತನ್ನನ್ನು ಮುಟ್ಟಿದ ಗಾಳಿಯನ್ನೂ ತಣಿಸಿರುತ್ತದೆ, ಮೇಲಿನ ಗಾಳಿ ಇನ್ನೂ ಬೆಚ್ಚಗಿರುತ್ತದೆ. ತಣ್ಣನೆಯ ಭಾರದ ಗಾಳಿ ಕೆಳಗೆ, ಬೆಚ್ಚನೆಯ ಹಗುರ ಗಾಳಿ ಮೇಲೆ. ಹೊಗೆ ಏರುವುದು ಆ ಗಡಿಯವರೆಗೆ ಮಾತ್ರ. ಸೂರ್ಯ ಬಂದು ಒಂದೆರಡು ತಾಸಿಗೆ ನೆಲ ಕಾದು ಈ ಮುಚ್ಚಳ ಒಡೆಯುತ್ತದೆ. ಒಡೆದ ಗಳಿಗೆ ತಿಳಿಯಬೇಕೆಂದರೆ ಹದ್ದುಗಳನ್ನು ನೋಡಬೇಕು: ಅಲ್ಲಿಯವರೆಗೆ ಮರದ ಮೇಲೆ ಕೂತಿದ್ದವು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರಲು ತೊಡಗುತ್ತವೆ.

ಬೆಳಕು ಹರಿದಂತೆ ದಡ ಕಾಣುತ್ತದೆ. ಮಾರ್ಚಿನಲ್ಲಿ ಈ ಬಯಲು ಸೀಮೆಯ ಕೆರೆಗಳಿಂದ ದಿನಕ್ಕೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ನೀರು ಆವಿಯಾಗಿ ಹೋಗುತ್ತದೆ. ಅರ್ಧ ಸೆಂಟಿಮೀಟರ್ ಯಾವ ಮಹಾ ಎನಿಸಬಹುದು. ಆದರೆ ಕೆರೆಯ ದಡ ಗೋಡೆಯಂತೆ ನೇರ ಇರುವುದಿಲ್ಲ. ನೂರು ಮೀಟರಿಗೆ ಅರ್ಧ ಮೀಟರ್ ಇಳಿಜಾರಿನ ದಡವಿದ್ದರೆ, ನೀರು ಅರ್ಧ ಸೆಂಟಿಮೀಟರ್ ಇಳಿದಾಗ ಒಂದು ಮೀಟರ್ ಅಗಲದ ಹೊಸ ಕೆಸರು ಕೆರೆಯ ಸುತ್ತಲೂ ಬಿಚ್ಚಿಕೊಳ್ಳುತ್ತದೆ. ದಿನವೂ ಒಂದು ಮೀಟರ್. ಆ ಕೆಸರಿನಲ್ಲಿ ಹುಳ, ಬಸವನಹುಳು, ಸೀಗಡಿ. ಉಳಿದ ನೀರಿನಲ್ಲಿ ಮೊದಲಿನಷ್ಟೇ ಮೀನು, ಆದರೆ ಇಕ್ಕಟ್ಟಿನಲ್ಲಿ. ಕೆರೆ ಬತ್ತುವುದು ನಮಗೆ ಸಂಕಟದ ಸುದ್ದಿ, ಕೊಕ್ಕರೆಗೆ ಸುಗ್ಗಿ.

ಈ ಸುಗ್ಗಿಯಲ್ಲಿ ಯಾರ ಜಾಗ ಎಲ್ಲಿ ಎಂಬುದನ್ನು ಕಾಲಿನ ಉದ್ದ ತೀರ್ಮಾನಿಸುತ್ತದೆ. ಅಂಚಿನ ಹಸಿ ಕೆಸರಿನ ಮೇಲೆ ಗದ್ದೆಗೊರವಗಳ ಓಡಾಟ. ಅವಕ್ಕಿಂತ ಒಂದು ಗೇಣು ಒಳಗೆ ಕೆಂಪು ಕಡ್ಡಿಯಂಥ ಕಾಲಿನ ಮೆಟ್ಟುಗಾಲು ಹಕ್ಕಿ. ಅದರಾಚೆ ತೆರೆದ ಕೊಕ್ಕನ್ನು ನೀರಿಗಿಟ್ಟು ನಡೆಯುವ ಬಣ್ಣದ ಕೊಕ್ಕರೆ. ಅದು ಮೀನನ್ನು ಕಣ್ಣಿನಿಂದ ಹುಡುಕುವುದಿಲ್ಲ, ಕೊಕ್ಕಿಗೆ ತಾಕಿದೊಡನೆ ಮುಚ್ಚಿಬಿಡುತ್ತದೆ. ಹೀಗೆ ಹಿಡಿಯುವುದು ಲಾಭವಾಗಬೇಕಾದರೆ ಮೀನು ದಟ್ಟವಾಗಿರಬೇಕು. ಇಳಿಯುತ್ತಿರುವ ಕೆರೆಯೇ ಅದಕ್ಕೆ ಬೇಕು. ಜೊಂಡಿನ ಬಳಿ ನೇರಳೆ ಜಂಬುಕೋಳಿಗಳು ಕಾಂಡ ಕಿತ್ತು, ಕಾಲಿನ ಬೆರಳಲ್ಲಿ ಹಿಡಿದು ತಿನ್ನುತ್ತವೆ. ನಡುನೀರಿನಲ್ಲಿ ಚಕ್ರವಾಕಗಳು, ವರಟೆಗಳು.

ಮತ್ತು ಹೆಬ್ಬಾತುಗಳು. ಪಟ್ಟೆತಲೆ ಹೆಬ್ಬಾತು ಬೋನಾಳಕ್ಕೆ ಬರುವ ದೂರದ ಅತಿಥಿ. ಬೂದಿ ಬಣ್ಣದ ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಅಡ್ಡಕ್ಕೆ ಎಳೆದಂಥ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕಿನ ತುದಿಗೊಂದು ಕಪ್ಪು ಚುಕ್ಕೆ. ರಾತ್ರಿ ಹೊಲಗದ್ದೆಗಳಲ್ಲಿ ಮೇದು, ಬೆಳಗಾಗುತ್ತಲೇ ಕೆರೆಗೆ ಇಳಿದು, ಹಗಲೆಲ್ಲ ದಡದಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ ಕೂರುತ್ತವೆ. ಯಾವ ದಿಕ್ಕು ಎಂಬುದು ಆ ದಿನದ ಗಾಳಿಯನ್ನು ಅವಲಂಬಿಸಿದ್ದು: ಗಾಳಿಗೆ ಎದುರಾಗಿ ಕೂತರೆ ಗರಿ ಕೆದರುವುದಿಲ್ಲ, ಹಾರಿ ಏಳುವುದೂ ಸುಲಭ. ಏರಿಯ ಮೇಲಿಂದ ಹೆಬ್ಬಾತುಗಳನ್ನು ನೋಡಿದರೆ ಗಾಳಿ ಎತ್ತಣಿಂದ ಬೀಸುತ್ತಿದೆ ಎಂದು ಹೇಳಿಬಿಡಬಹುದು.

ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ, “ಈ ಬಾತುಗೋಳು ಯಾವಾಗ ಹೋಗ್ತಾವ ಮುತ್ಯಾ?”

“ನೀರ ಇಳದಂಗ ಹಕ್ಕಿ ಹೆಚ್ಚಾಗ್ತಾವ ತಮ್ಮಾ,” ಎಂದರು. “ಆಮ್ಯಾಲ ಒಂದಿನ ಮುಂಜಾನಿ ಬಂದು ನೋಡಿದ್ರ ಈ ಬಾತು ಒಂದೂ ಇರಂಗಿಲ್ಲ. ಕೆರಿ ತುಂಬಿದ್ರೂ ಅಷ್ಟ, ಬತ್ತಿದ್ರೂ ಅಷ್ಟ.”

ಇಷ್ಟು ಚೆನ್ನಾಗಿ ಈ ವಿಷಯವನ್ನು ಯಾವ ಪುಸ್ತಕವೂ ನನಗೆ ಹೇಳಿಕೊಟ್ಟಿಲ್ಲ. ಹಕ್ಕಿ ಎಷ್ಟು ಕೂಡುತ್ತವೆ ಎಂಬುದು ನೀರಿನ ಲೆಕ್ಕ. ಯಾವಾಗ ಹೊರಡುತ್ತವೆ ಎಂಬುದು ಬಹುಮಟ್ಟಿಗೆ ಸೂರ್ಯನ ಲೆಕ್ಕ.

ಹೆಬ್ಬಾತಿನ ತವರು ಟಿಬೆಟ್, ಮಂಗೋಲಿಯಾದ ಎತ್ತರದ ಸರೋವರಗಳು. ಅಲ್ಲಿನ ಹಿಮ ಕರಗುವ ಹೊತ್ತಿಗೆ ಅಲ್ಲಿರಬೇಕು. ತಡವಾದರೆ ಮರಿ ಬೆಳೆಯಲು ಬೇಸಿಗೆ ಸಾಲದು, ಬೇಗ ಹೋದರೆ ಮೇಯಲು ಹುಲ್ಲಿಲ್ಲ. ಬೋನಾಳದ ನೀರಿನ ಮಟ್ಟ ನೋಡಿ ಟಿಬೆಟಿನ ಹಿಮದ ಸ್ಥಿತಿ ತಿಳಿಯಲು ಆಗದು. ಹೊರಡುವ ಹೊತ್ತು ತಿಳಿಸಬಲ್ಲದ್ದು ಬಹುಮಟ್ಟಿಗೆ ಹಗಲಿನ ಉದ್ದ. ಇದನ್ನು ಮೊದಲು ಪ್ರಯೋಗದಿಂದ ತೋರಿಸಿದವರಲ್ಲಿ ಕೆನಡಾದ ವಿಲಿಯಂ ರೋವನ್ ಒಬ್ಬರು. 1920ರ ದಶಕದಲ್ಲಿ ಅವರು ಚಳಿಗಾಲದ ನಡುವೆ ಪಂಜರದ ಪುಟ್ಟ ಹಕ್ಕಿಗಳಿಗೆ ಸಂಜೆಯ ಹೊತ್ತು ವಿದ್ಯುತ್ ದೀಪ ಹಚ್ಚಿ, ಹಗಲನ್ನು ದಿನಕ್ಕಿಷ್ಟೆಂದು ಹಿಗ್ಗಿಸಿದರು. ಹೊರಗೆ ಹಿಮ ಕೊರೆಯುತ್ತಿದ್ದರೂ ಹಕ್ಕಿಗಳ ಸಂತಾನಗ್ರಂಥಿಗಳು ವಸಂತ ಬಂದಂತೆ ಬೆಳೆದವು.

ಕೆನಡಾದಲ್ಲಿ ಹಗಲು ಗಂಟೆಗಟ್ಟಲೆ ಹಿಗ್ಗುತ್ತದೆ, ಸರಿ. ಯಾದಗಿರಿಯಲ್ಲಿ? ಹೆಚ್ಚೂಕಡಿಮೆ 16.8 ಡಿಗ್ರಿ ಉತ್ತರ ಅಕ್ಷಾಂಶದ ಈ ಊರಿನಲ್ಲಿ ಡಿಸೆಂಬರಿನ ಅತಿ ಗಿಡ್ಡ ಹಗಲು ಸುಮಾರು 11 ಗಂಟೆ 7 ನಿಮಿಷ. ಮಾರ್ಚ್ 21ರ ಹೊತ್ತಿಗೆ ಅದು 12 ಗಂಟೆ 7 ನಿಮಿಷ. ಮಾರ್ಚಿನಲ್ಲಿ ದಿನಕ್ಕೆ ಏರುವುದು ಸುಮಾರು ಒಂದೇ ನಿಮಿಷ. ಇಷ್ಟು ಸಣ್ಣ ವ್ಯತ್ಯಾಸವನ್ನು ಹಕ್ಕಿ ಹಿಡಿಯಬಲ್ಲದೆ? ಹಿಡಿಯಬಲ್ಲದು. ಸಮಭಾಜಕಕ್ಕೆ ಇನ್ನೂ ಹತ್ತಿರವಿರುವ ಪನಾಮಾದ ಕಾಡುಹಕ್ಕಿಯೊಂದು 17 ನಿಮಿಷಗಳ ಏರಿಕೆಗೇ ಸ್ಪಂದಿಸುತ್ತದೆ ಎಂದು ಮಿಖಾಯೆಲಾ ಹೌ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಯಾದಗಿರಿಯ ಹಗಲು ಚಳಿಗಾಲದಿಂದ ಮಾರ್ಚ್ ಕೊನೆಯೊಳಗೆ ಅದರ ಮೂರು ಪಟ್ಟಿಗಿಂತ ಹೆಚ್ಚು ಹಿಗ್ಗಿರುತ್ತದೆ.

ಹೊರಡುವ ಮುನ್ನದ ವಾರಗಳಲ್ಲಿ ಹೆಬ್ಬಾತುಗಳ ನಡವಳಿಕೆ ಬೇರೆಯಾಗುತ್ತದೆ. ಹೆಚ್ಚು ಮೇಯುತ್ತವೆ. ಮೈಯಲ್ಲಿ ಕೊಬ್ಬು ಸೇರಿ ಹೊಟ್ಟೆ ಜೋತಾಡುತ್ತದೆ. ಕಾರಣವಿಲ್ಲದೆ ಗುಂಪು ಎದ್ದು ಕೆರೆಗೊಂದು ಸುತ್ತು ಹಾಕಿ ಮತ್ತೆ ಇಳಿಯುತ್ತದೆ. ಏಳುವ ಮೊದಲು ಒಂದರ ನಂತರ ಒಂದು ತಲೆ ಝಾಡಿಸುತ್ತವೆ. ಒಂದು ಝಾಡಿಸಿತೆಂದರೆ ಪಕ್ಕದ್ದು, ಅದರ ಪಕ್ಕದ್ದು. ಗುಂಪಿನ ಬಹುಪಾಲು ತಲೆಗಳು ಆಡತೊಡಗಿದಾಗ ಎಲ್ಲ ಒಟ್ಟಿಗೆ ಏಳುತ್ತವೆ. ದುರ್ಬೀನು ಇಲ್ಲದೆಯೂ ಇದು ಕಾಣುತ್ತದೆ. ತಾಳ್ಮೆ ಇರಬೇಕು.

ಅವು ಹಿಮಾಲಯ ದಾಟುವ ಬಗೆಯಂತೂ ನಮ್ಮ ಕಾಲದ ವಿಜ್ಞಾನ ಬಿಡಿಸಿದ ಸೊಗಸಾದ ಒಗಟುಗಳಲ್ಲಿ ಒಂದು. ಉಪಗ್ರಹದ ಟ್ಯಾಗ್ ಕಟ್ಟಿದ ಹೆಬ್ಬಾತೊಂದು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತಲೂ ಕಡಿಮೆ. ಇವುಗಳ ರಕ್ತದ ಹಿಮೋಗ್ಲೋಬಿನ್‌ನ ಆಲ್ಫಾ ಸರಪಳಿಯಲ್ಲಿ 119ನೆಯ ಸ್ಥಾನದ ಅಮೈನೋ ಆಮ್ಲ ಪ್ರೋಲಿನ್ ಆಗಿರುವ ಬದಲು ಅಲನಿನ್ ಆಗಿದೆ. ಈ ಒಂದು ಬದಲಾವಣೆಯಿಂದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಇದಕ್ಕೆ ದೊಡ್ಡ ಶ್ವಾಸಕೋಶ, ಸ್ನಾಯುಗಳಲ್ಲಿ ದಟ್ಟ ರಕ್ತನಾಳಗಳು ಸೇರಿವೆ. ಆದರೂ ಸುಮ್ಮನೆ ಎತ್ತರಕ್ಕೆ ಹೋಗಿ ಅಲ್ಲೇ ಹಾರುವುದಿಲ್ಲ. 2015ರಲ್ಲಿ ಚಾರ್ಲ್ಸ್ ಬಿಷಪ್ ತಂಡ ಹಕ್ಕಿಗಳ ಮೈಯೊಳಗೆ ಪುಟ್ಟ ಉಪಕರಣವಿಟ್ಟು ಎದೆಬಡಿತವನ್ನೂ ರೆಕ್ಕೆಬಡಿತವನ್ನೂ ಅಳೆದಾಗ ತಿಳಿದದ್ದು: ಅವು ಬೆಟ್ಟದ ಮೈಯನ್ನು ಅನುಸರಿಸಿ ಏರಿಳಿಯುತ್ತ ಸಾಗುತ್ತವೆ, ಏಕೆಂದರೆ ತೆಳು ಗಾಳಿಯಲ್ಲಿ ಮೇಲೆಯೇ ಉಳಿಯುವುದಕ್ಕಿಂತ ಇಳಿದು ಮತ್ತೆ ಏರುವುದೇ ಅಗ್ಗ. ಏರುವ ಹೊತ್ತೂ ರಾತ್ರಿ ಮತ್ತು ನಸುಕು. ಆಗ ಗಾಳಿ ತಣ್ಣಗಿದ್ದು ದಟ್ಟವಾಗಿರುತ್ತದೆ, ರೆಕ್ಕೆಗೆ ಹೆಚ್ಚು ಆಸರೆ ಕೊಡುತ್ತದೆ. ಬೋನಾಳದ ಏರಿಯ ಮೇಲೆ ನಮ್ಮ ಕಿವಿ ಕೊರೆಯುವ ನಸುಕಿನ ಗಾಳಿಗೂ ಅದೇ ಗುಣ.

ಸೂರ್ಯನ ಲೆಕ್ಕವನ್ನು ಹಕ್ಕಿ ಮಾತ್ರ ಇಟ್ಟಿತ್ತೆಂದು ಭಾವಿಸಬೇಕಿಲ್ಲ. ಶಹಾಪುರದ ಹತ್ತಿರ ವಿಭೂತಿಹಳ್ಳಿ ಇದೆ. ಮಲಗಿದ ಬುದ್ಧನ ಆಕಾರದ ಗುಡ್ಡ ನೋಡಲು ಬರುವವರು ಈ ಕಡೆ ತಿರುಗುವುದು ಕಡಿಮೆ. ಅಲ್ಲಿ ಬೃಹತ್ ಶಿಲಾಯುಗದ ಜನ ದುಂಡು ಬಂಡೆಗಳನ್ನು ಉರುಳಿಸಿ ತಂದು ಸಾಲುಸಾಲಾಗಿ ಇಟ್ಟಿದ್ದಾರೆ. ಚೌಕದ ನಾಲ್ಕು ಮೂಲೆಗೊಂದೊಂದು, ನಡುವಿಗೊಂದು, ಹೀಗೆ ಚೌಕದ ಪಕ್ಕ ಚೌಕ. ಮೊದಲ ನೋಟಕ್ಕೆ ಬರೀ ಕಲ್ಲು ಬಿದ್ದ ಹೊಲ. ಸಾಲಿನ ಕೊನೆಗೆ ಬಂದು ನಿಂತು ಒಂದು ಕಣ್ಣು ಮುಚ್ಚಿ ನೋಡಿದಾಗ ಕಲ್ಲುಗಳು ಒಂದರ ಹಿಂದೆ ಒಂದು ಅಡಗಿ ನೇರ ಗೆರೆಯಾಗುತ್ತವೆ. ಮೆಡೋಸ್ ಟೇಲರ್ ಈ ಸೀಮೆಯ ಪ್ರಾಚೀನ ಕಲ್ಲುಗಳ ಬಗ್ಗೆ ಬರೆದ. 1956ರಲ್ಲಿ ಎಫ್. ಆರ್. ಆಲ್ಚಿನ್ ಇಂಥ ಕಲ್ಲುಸಾಲುಗಳನ್ನು ಕ್ರಮವಾಗಿ ವಿವರಿಸಿದರು. 1993ರಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಎನ್. ಕಾಮೇಶ್ವರ ರಾವ್ ವಿಭೂತಿಹಳ್ಳಿಯ ಸಾಲುಗಳ ದಿಕ್ಕುಗಳನ್ನು ಅಳೆದು, ಅವು ವಿಷುವತ್ತು ಮತ್ತು ಅಯನಗಳ ದಿನ ಸೂರ್ಯ ಹುಟ್ಟುವ, ಮುಳುಗುವ ದಿಕ್ಕುಗಳಿಗೆ ಹೊಂದುತ್ತವೆ ಎಂಬ ವಾದ ಮುಂದಿಟ್ಟರು.

ಇಂಥ ವಾದಗಳನ್ನು ಎಚ್ಚರದಿಂದ ಹಿಡಿಯಬೇಕು. ನೂರಾರು ಕಲ್ಲುಗಳಿದ್ದಲ್ಲಿ ಯಾವವೋ ಎರಡು ಯಾವುದೋ ಒಂದು ದಿಕ್ಕಿಗೆ ಹೊಂದಿಯೇ ಹೊಂದುತ್ತವೆ. ಆದರೆ ಇಡೀ ಸಾಲುಗಳೇ ಒಂದು ದಿಕ್ಕು ಹಿಡಿದಿರುವಾಗ ಅದು ಆಕಸ್ಮಿಕ ಎಂದು ತಳ್ಳಿಹಾಕುವುದೂ ಕಷ್ಟ. ಮಾರ್ಚ್ 20, 21ರ ಆಸುಪಾಸಿನ ಬೆಳಗ್ಗೆ ಅಲ್ಲಿ ನಿಂತು ನೋಡಿದರೆ ಒಂದು ಸಂಗತಿಯಂತೂ ಕಣ್ಣಾರೆ ಖಚಿತವಾಗುತ್ತದೆ. ಈ ಅಕ್ಷಾಂಶದಲ್ಲಿ ಸೂರ್ಯ ಹುಟ್ಟುವ ಜಾಗ ವರ್ಷದಲ್ಲಿ ನೇರ ಪೂರ್ವದಿಂದ ದಕ್ಷಿಣಕ್ಕೆ 24 ಡಿಗ್ರಿ, ಉತ್ತರಕ್ಕೆ 24 ಡಿಗ್ರಿಗಿಂತ ತುಸು ಹೆಚ್ಚು ಸರಿಯುತ್ತದೆ. ಡಿಸೆಂಬರಿನ ಕೊನೆಯಲ್ಲಿ ವಾರ ಕಳೆದರೂ ಅದು ಅಲುಗಿದಂತೆ ಕಾಣುವುದಿಲ್ಲ. ವಿಷುವತ್ತಿನ ಹೊತ್ತಿಗೆ ಮಾತ್ರ ದಿನಕ್ಕೆ ಸುಮಾರು 0.4 ಡಿಗ್ರಿ ಓಡುತ್ತದೆ. ಸೂರ್ಯಬಿಂಬದ ಅಗಲವೇ ಅರ್ಧ ಡಿಗ್ರಿ. ಅಂದರೆ ಇವತ್ತು ಒಂದು ಕಲ್ಲಿನ ನೇರಕ್ಕೆ ಹುಟ್ಟಿದ ಸೂರ್ಯ ನಾಳೆ ಬಹುಪಾಲು ತನ್ನಷ್ಟೇ ಅಗಲ ಎಡಕ್ಕೆ ಸರಿದಿರುತ್ತಾನೆ. ವರ್ಷದ ಒಂದು ದಿನವನ್ನು ಕಲ್ಲಿನಿಂದ ಗುರುತಿಸಬೇಕೆಂದರೆ ಇದಕ್ಕಿಂತ ತಕ್ಕ ದಿನವಿಲ್ಲ.

ನಮ್ಮ ರೈತರು ನೆಚ್ಚಿಕೊಂಡಿರುವ ಮಳೆ ನಕ್ಷತ್ರಗಳೂ ಸೂರ್ಯನ ಲೆಕ್ಕವೇ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಏಪ್ರಿಲ್ ನಡುವೆ ಅಶ್ವಿನಿ, ಆಮೇಲೆ ಭರಣಿ. ಆದರೆ ಇದು ನಕ್ಷತ್ರಗಳನ್ನು ನೋಡಿ ಇಟ್ಟ ಲೆಕ್ಕ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ನಕ್ಷತ್ರಗಳ ಲೆಕ್ಕ ಋತುಗಳ ಲೆಕ್ಕದಿಂದ ಸುಮಾರು 71 ವರ್ಷಕ್ಕೊಂದು ದಿನ ಹಿಂದೆ ಬೀಳುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಅಶ್ವಿನಿ ವಿಷುವತ್ತಿನ ದಿನವೇ ಶುರುವಾಗುತ್ತಿತ್ತು. ಈಗ ಅದಕ್ಕೂ ಇದಕ್ಕೂ 24 ದಿನಗಳ ಅಂತರ ಬಂದಿದೆ. ಮಳೆ ನಕ್ಷತ್ರ ಸುಳ್ಳಾಯಿತು ಎಂದು ಹಿರಿಯರು ಪೇಚಾಡುವಾಗ ಹವಾಮಾನದ ಜೊತೆಗೆ ಇದನ್ನೂ ನೆನೆಯಬೇಕು. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಇದು ಒಂದೇ ದಿನ, ಆದರೆ ಗಾದೆಗಳ ಆಯುಷ್ಯ ದೊಡ್ಡದು.

ವಿಭೂತಿಹಳ್ಳಿಯಿಂದ ಗುಡ್ಡದ ಕಡೆ ನಡೆದರೆ ಮುತ್ತಲ ಹೂ. ಒಂದೂ ಎಲೆ ಇಲ್ಲದ ಮರದ ತುಂಬ ಕಿತ್ತಳೆ ಕೆಂಪು. ಒಂದು ಹೂವನ್ನು ಕೈಗೆ ತೆಗೆದುಕೊಂಡು ನೋಡಿ: ತೊಟ್ಟಿನ ಬಟ್ಟಲು ಕಪ್ಪು ಮಕಮಲ್ಲು, ಎಸಳುಗಳ ಹೊರಮೈಗೆ ಬೆಳ್ಳಿ ರೋಮ, ಕೆಳಗಿನ ಎಸಳು ಗಿಳಿಯ ಕೊಕ್ಕಿನಂತೆ ಬಾಗಿ ಕೇಸರಗಳನ್ನು ಒಳಗೆ ಅಡಗಿಸಿಕೊಂಡಿದೆ. ಮೂಸಿದರೆ ವಾಸನೆ ಇಲ್ಲ. ಹಕ್ಕಿಗಾಗಿ ಅರಳುವ ಹೂವಿಗೆ ವಾಸನೆ ಬೇಡ, ಬಣ್ಣ ಬೇಕು, ಬಟ್ಟಲ ತುಂಬ ಮಕರಂದ ಬೇಕು. ಮುತ್ತಲಕ್ಕೆ ಅನೇಕ ಹಕ್ಕಿಗಳು ಬರುತ್ತವೆ, ಗಿಳಿ, ಮೈನಾ, ಕಾಗೆ. ಎಲ್ಲವೂ ಪರಾಗ ಮುಟ್ಟಿಸುವುದಿಲ್ಲ. ದೆಹಲಿಯ ಸಸ್ಯವಿಜ್ಞಾನಿಗಳು ಈ ಮರವನ್ನು ಕೂತು ಗಮನಿಸಿ 2003ರಲ್ಲಿ ವರದಿ ಮಾಡಿದಂತೆ ನಿಜವಾಗಿ ಕೆಲಸ ಮಾಡುವುದು ನೇರಳೆ ಸೂರಕ್ಕಿ, ಜೊತೆಗೆ ಮೂರು ಗೆರೆಯ ಅಳಿಲು.

ಎಲೆ ಉದುರಿಸಿ ಹೂ ಬಿಡುವುದೇಕೆ? ಎಲೆಯಿದ್ದರೆ ನೀರು ಖರ್ಚು. ಎಲೆ ಕಳಚಿದ ಮರದ ಕಾಂಡದಲ್ಲಿ ಬೇರು ತಂದ ನೀರು ನಿಧಾನವಾಗಿ ತುಂಬುತ್ತದೆ, ಅದೇ ಹೂವಿಗೆ ಬಂಡವಾಳ. ಈಗ ಅರಳಿದರೆ ಕಾಯಿ ಬಲಿತು ಒಣಗುವುದು ಮೇ ತಿಂಗಳ ಬಿರುಗಾಳಿಯ ಹೊತ್ತಿಗೆ. ಕಾಗದದಷ್ಟು ಹಗುರಾದ ಕಾಯಿ ಗಾಳಿಯಲ್ಲಿ ಹಾರಿ ಬಿದ್ದು ಸ್ವಲ್ಪ ದಿನಕ್ಕೆ ಮಳೆ.

ಬೇವು ಇನ್ನೂ ಒಂದು ಹೆಜ್ಜೆ ಮುಂದೆ. ನೆಲದಲ್ಲಿ ಹನಿ ತೇವವಿಲ್ಲದ ಮಾರ್ಚಿನಲ್ಲಿ ಅದು ಹಳೆ ಎಲೆ ಉದುರಿಸಿ, ಕೆಲವೇ ದಿನದಲ್ಲಿ ತಾಮ್ರ ಬಣ್ಣದ ಚಿಗುರು ತರುತ್ತದೆ. ಯುಗಾದಿಯ ಬೇವು ಬೆಲ್ಲಕ್ಕೆ ಹೂವೂ ಸಿದ್ಧ. ಮಳೆಗೆ ಎರಡು ತಿಂಗಳು ಮೊದಲೇ ಚಿಗುರಿ ಏನು ಲಾಭ? ಮುದುಮಲೈ ಕಾಡಿನಲ್ಲಿ ಕೆ. ಎಸ್. ಮುರಳಿ ಮತ್ತು ರಾಮನ್ ಸುಕುಮಾರ್ ಈ ಪ್ರಶ್ನೆ ಹಿಡಿದು ಹೊರಟರು. 1993ರಲ್ಲಿ ಅವರು ಪ್ರಕಟಿಸಿದ ಉತ್ತರ: ಒಣ ದಿನಗಳಲ್ಲೇ ಬೇಗ ಚಿಗುರುವ ಮರಗಳ ಎಲೆಗೆ ಹುಳುಗಳ ಕಾಟ ಕಡಿಮೆ, ಮಳೆಯ ಜೊತೆ ಚಿಗುರುವ ಮರಗಳಿಗೆ ಹೆಚ್ಚು. ಮಳೆ ಬಂದು ಕೀಟಗಳು ಎದ್ದಾಗ ಮೊದಲೇ ಚಿಗುರಿದ ಎಲೆ ಬಲಿತು ಗಟ್ಟಿಯಾಗಿರುತ್ತದೆ. ಬೇರು ಆಳಕ್ಕೆ ಇಳಿದಿರುವ ಮರಕ್ಕೆ ಮಾತ್ರ ಈ ಆಟ ಸಾಧ್ಯ.

ಮಧ್ಯಾಹ್ನದ ಬಯಲು ಬೇರೆಯೇ ಲೋಕ. ಜೋಳ ಕಿತ್ತ ಕರಿ ಹೊಲ ಬೆಳಕನ್ನು ಹೀರಿ ಕಾದಿರುತ್ತದೆ, ಪಕ್ಕದ ಮಸಾರಿ ಅಷ್ಟಿಲ್ಲ. ಹೆಚ್ಚು ಕಾದ ನೆಲದ ಮೇಲಿನ ಗಾಳಿ ಎದ್ದಾಗ ಸುತ್ತಲಿನದು ಅಲ್ಲಿಗೆ ನುಗ್ಗುತ್ತದೆ. ನುಗ್ಗುವಾಗ ಇದ್ದ ಅಲ್ಪಸ್ವಲ್ಪ ತಿರುವು ನಡುವಿಗೆ ಬಂದಂತೆ ಬಿಗಿಯಾಗಿ ಸುಳಿಗಾಳಿಯಾಗುತ್ತದೆ. ಒಣ ಜೋಳದ ರವದಿಯನ್ನು ಎತ್ತಿಕೊಂಡು ಹೊಲ ದಾಟುವ ಕಂಬ. ಅದರೊಳಗೆ ದೆವ್ವ ಇಲ್ಲ, ಎರಡು ಮಣ್ಣಿನ ಬಿಸಿಯ ವ್ಯತ್ಯಾಸವಿದೆ. ಇದೇ ಹೊತ್ತಿಗೆ ಬರಿದಾದ ಹೊಲಗಳಲ್ಲಿ ಚಿಗರಿ ಕಾಣುತ್ತವೆ: ಮೇಲೆ ಕಪ್ಪು ಕೆಳಗೆ ಬಿಳಿಯ ಗಂಡು, ಸುತ್ತ ಕಂದು ಬಣ್ಣದ ಹೆಣ್ಣುಗಳು. ಬೆಳೆ ನಿಂತಾಗ ಇವು ರೈತರಿಗೆ ತಲೆನೋವು, ಅದನ್ನು ಯಾರೂ ಹಗುರವಾಗಿ ಕಾಣಬಾರದು.

ಮಾರ್ಚ್ ಮುಂದುವರಿದಂತೆ ಕೆಲವು ಸಂಜೆ ಆಕಾಶ ತಿರುಗುತ್ತದೆ. ಒಂದು ಕಡೆಯಿಂದ ಒಳನಾಡಿನ ಒಣ ಗಾಳಿ, ಇನ್ನೊಂದು ಕಡೆಯಿಂದ ಬಂಗಾಳಕೊಲ್ಲಿಯ ತೇವದ ಗಾಳಿ. ವಿದರ್ಭ, ಮರಾಠವಾಡದಿಂದ ಉತ್ತರ ಒಳನಾಡಿನ ಮೂಲಕ ದಕ್ಷಿಣಕ್ಕೆ ಎಳೆದ ಗೆರೆಯಂತೆ ಇವೆರಡೂ ಸಂಧಿಸುತ್ತವೆ. ಹವಾಮಾನ ಇಲಾಖೆಯ ಬೇಸಿಗೆಯ ಮುನ್ಸೂಚನೆಗಳಲ್ಲಿ ಈ ಗೆರೆಯ ಮಾತು ಪದೇಪದೇ ಬರುತ್ತದೆ. ಮಧ್ಯಾಹ್ನದ ಕಾವು ಈ ಗೆರೆಯ ಮೇಲಿನ ತೇವವನ್ನು ಎತ್ತಿದಾಗ ಗುಡುಗಿನ ಮೋಡ. ಅದರ ಕೆಳಗಿನ ಗಾಳಿ ಇನ್ನೂ ಒಣದೇ. ಬೀಳುವ ಹನಿಗಳು ದಾರಿಯಲ್ಲೇ ಆವಿಯಾಗಿ ಗಾಳಿಯನ್ನು ತಣಿಸುತ್ತವೆ, ತಣಿದ ಗಾಳಿ ಭಾರವಾಗಿ ಧೊಪ್ಪನೆ ಕೆಳಗೆ ಬಿದ್ದು ನೆಲದ ಮೇಲೆ ಹರಡುತ್ತದೆ. ಮಳೆಗೆ ಮೊದಲು ಧೂಳೆಬ್ಬಿಸಿ ತಗಡು ಹಾರಿಸುವ ಬಿರುಗಾಳಿ ಅದೇ. ಮೋಡದೊಳಗೆ ಏರುಗಾಳಿ ಜೋರಾಗಿದ್ದರೆ ಹನಿಗಳು ಹೆಪ್ಪುಗಟ್ಟುವ ಎತ್ತರಕ್ಕೆ ಹೋಗಿ, ಅಲ್ಲೇ ತೇಲಾಡುತ್ತ ಪದರದ ಮೇಲೆ ಪದರ ಬೆಳೆದು ಆಣಿಕಲ್ಲಾಗಿ ಬೀಳುತ್ತವೆ. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದಲ್ಲಿ ದಿನಗಟ್ಟಲೆ ಸುರಿದ ಆಣಿಕಲ್ಲನ್ನು ಕಂಡವರು ಮರೆತಿಲ್ಲ. ಕೊಯ್ಲಿಗೆ ಬಂದ ಜೋಳ, ಕಡಲೆ, ದ್ರಾಕ್ಷಿ ನೆಲಕಚ್ಚಿದವು. ದನಕರು, ಹಕ್ಕಿಗಳು ಸತ್ತವು.

ಇನ್ನು ನೀರಿನ ಲೆಕ್ಕವನ್ನೇ ತಿರುಗಿಸಿದ ಸಂಗತಿ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರದ ಎಡದಂಡೆ ಕಾಲುವೆ 1980ರ ದಶಕದಿಂದ ಸುರಪುರ, ಶಹಾಪುರದ ಹೊಲಗಳಿಗೆ ನೀರು ತಂದಿತು. ಜೋಳ, ಶೇಂಗಾ ಇದ್ದಲ್ಲಿ ಭತ್ತ ಬಂತು. ವಾರಬಂದಿಯಲ್ಲಿ, ಅಂದರೆ ಸರದಿಯಂತೆ, ನೀರು ಬಿಟ್ಟ ವರ್ಷ ಮಾರ್ಚಿನಲ್ಲೂ ಎರಡನೆಯ ಬೆಳೆಯ ಹಸಿರು ಕಣ್ಣು ತುಂಬುತ್ತದೆ. ಬೆಳ್ಳಕ್ಕಿ, ಕೆಂಬರಲಿಗೆ ಕೆರೆಯನ್ನೇ ನೆಚ್ಚಬೇಕಾಗಿಲ್ಲ. ಹೆಬ್ಬಾತಿಗೆ ಕಾಳು ಸಮೃದ್ಧಿ. ಕಾಲುವೆ ಈ ಸೀಮೆಯ ಗುಳೆ ಹೋಗುವ ಮನೆಗಳಿಗೆ ಅನ್ನ ಕೊಟ್ಟಿದೆ, ಅದರ ವಿರುದ್ಧ ನನ್ನಲ್ಲಿ ಒಂದು ಮಾತೂ ಇಲ್ಲ. ಆದರೆ ಒಣ ಬಯಲನ್ನೇ ನಂಬಿದ ಜೀವಗಳ ಜಾಗ ಕಿರಿದಾಗಿದೆ. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬಂದು ಹುಲ್ಲುಗಾವಲಿನ ಮೇಲೆ ತಗ್ಗಿ ಹಾರುತ್ತ ಬೇಟೆಯಾಡುವ ಸೆಳೆವ ಹದ್ದಿಗೆ ಭತ್ತದ ಗದ್ದೆ ಆಗಿಬರುವುದಿಲ್ಲ. ಬೀಳು ನೆಲ ವ್ಯರ್ಥ ನೆಲ ಎಂಬ ನಮ್ಮ ಎಣಿಕೆ ತಪ್ಪು.

ಸಂಜೆ ಯಾದಗಿರಿ ಕೋಟೆಯ ಗುಡ್ಡದಿಂದ ಭೀಮಾ ನದಿಯ ಕಡೆ ನೋಡಿದರೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಕಾಣಲು ಸಿಗಬಹುದು. ಜೋಳ ಕಾಯುವವರು ಅಟ್ಟದ ಮೇಲೆ ನಿಂತು ಕವಣೆ ಬೀಸಿ ಓಡಿಸುತ್ತಿದ್ದದ್ದು ಇವನ್ನೇ. ಚಳಿಗಾಲದಲ್ಲಿ ಇವುಗಳ ಮೈ ಮಾಸಲು. ಮಾರ್ಚ್ ಕೊನೆಗೆ ತಲೆ ಮಿರುಗುವ ಕಪ್ಪು, ಬೆನ್ನು ಹೊಟ್ಟೆ ಗುಲಾಬಿ. ಹೊಸ ಗರಿ ಬಂದಿಲ್ಲ. ಹಳೆ ಗರಿಗಳ ಮಂಕು ಅಂಚು ಸವೆದು ಒಳಗಿನ ಬಣ್ಣ ಹೊರಬಂದಿದೆ, ಅಷ್ಟೇ. ಏಪ್ರಿಲಿನಲ್ಲಿ ಇವು ಹೊರಟು ಕಜಾಕಸ್ತಾನದ ಕಡೆ ಹೋಗುತ್ತವೆ. ಅಲ್ಲಿ ಮಿಡತೆ ತಿಂದು ಮರಿ ಸಾಕುತ್ತವೆ. ಚೀನಾದ ಶಿಂಜಿಯಾಂಗ್ ಪ್ರಾಂತದಲ್ಲಿ ಮಿಡತೆ ಹಾವಳಿ ತಡೆಯಲೆಂದೇ ಜನ ಇವಕ್ಕೆ ಗೂಡಿನ ಕಟ್ಟೆಗಳನ್ನು ಕಟ್ಟಿಕೊಡುತ್ತಾರೆ. ನಮ್ಮಲ್ಲಿ ಕವಣೆಯ ಕಲ್ಲು, ಅಲ್ಲಿ ಮನೆ.

ಸೂರ್ಯನ ಲೆಕ್ಕವನ್ನು ಯಾರೂ ಬರೆದಿಡಬೇಕಾಗಿಲ್ಲ, ಅದನ್ನು ಮನೆಯಲ್ಲಿ ಕೂತು ಲೆಕ್ಕ ಹಾಕಬಹುದು. ನೀರಿನ ಲೆಕ್ಕವನ್ನು ಮತ್ತು ಅದಕ್ಕೆ ಜೀವಗಳು ಕೊಡುವ ಉತ್ತರವನ್ನು ಸ್ಥಳದಲ್ಲಿ ನಿಂತೇ ಬರೆಯಬೇಕು. ಈ ಬಯಲಿನ ಬಗ್ಗೆ ಬರೆದಿಟ್ಟದ್ದು ಬಹಳ ಕಡಿಮೆ. ಮರಗಳ ಚಿಗುರು, ಹೂ, ಕಾಯಿಯ ದಿನಾಂಕ ದಾಖಲಿಸಲು ಸೀಸನ್‌ವಾಚ್ ಇದೆ, ಹಕ್ಕಿಗಳಿಗೆ ಇ-ಬರ್ಡ್ ಇದೆ. ಎರಡಕ್ಕೂ ಶಾಲೆಯ ಮಕ್ಕಳು ಸೇರಬಹುದು. ಯಾದಗಿರಿ, ಶಹಾಪುರ, ಸುರಪುರದ ವಿಜ್ಞಾನ ಮೇಷ್ಟ್ರುಗಳಲ್ಲಿ, ಭೀಮರಾಯನಗುಡಿಯ ಕೃಷಿ ಕಾಲೇಜಿನ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಶಿವರಾತ್ರಿಯಿಂದ ಯುಗಾದಿಯವರೆಗೆ ವಾರಕ್ಕೊಮ್ಮೆ ಬೋನಾಳಕ್ಕೋ ನಿಮ್ಮೂರಿನ ಕೆರೆಗೋ ಹೋಗಿ ನೀರು ಎಷ್ಟು ಇಳಿದಿದೆ, ಹೆಬ್ಬಾತು ಎಷ್ಟಿವೆ, ಕೊನೆಯದು ಯಾವ ದಿನ ಕಂಡಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹತ್ತು ವರ್ಷದ ಅಂಥ ನೋಟ್‌ಬುಕ್ ಈ ಜಿಲ್ಲೆಯ ಋತುಗಳ ಬಗ್ಗೆ ಯಾವ ಪುಸ್ತಕಕ್ಕಿಂತ ಹೆಚ್ಚು ಹೇಳುತ್ತದೆ. ಈ ವರ್ಷವೇ ಶುರುಮಾಡಿ.